ತಂತಿ ಬಿಟ್ಟುಹೋದ ಮಣಿ

ಲೋಕದಲ್ಲಿ ಬಂಧನವಿಲ್ಲದ ಚಲನೆ ಎಂಬುದಿಲ್ಲ. ನದಿಗೆ ದಡ, ಎತ್ತಿಗೆ ನೊಗ, ಮನುಷ್ಯನಿಗೆ ಸಂಸಾರ. ಎಲ್ಲವೂ ಯಾವುದಾದರೊಂದು ಕಟ್ಟಿಗೆ ಒಳಪಟ್ಟೇ ಸಾಗಬೇಕು. ಈ ಗಹನವಾದ ಸತ್ಯಕ್ಕೆ ನಾನು ಓದುತ್ತಿದ್ದ ಕಾಲದಲ್ಲಿ ಇಪ್ಪತ್ತು ಅಂಕವಿತ್ತು. ಬೇಡವಾದರೆ ಅದನ್ನು ಬಿಟ್ಟು ಬೇರೆ ಪ್ರಶ್ನೆ ಬರೆಯಬಹುದಿತ್ತು. ನಾನು ಬಿಡಲಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮೈಸೂರಿನಲ್ಲಿ ನನ್ನದು ಬಿ.ಎಸ್ಸಿ. ಕೊನೆಯ ವರ್ಷ, ವಾಸ ಕುಂಬಾರಕೊಪ್ಪಲಿನ ಅಕ್ಕನ ಮನೆಯಲ್ಲಿ. ನಮ್ಮ ವಂಶದಲ್ಲಿ ಅದುವರೆಗೆ ಹೊಲವನ್ನು ಅಳೆದವರಿದ್ದರೇ ಹೊರತು ಬೇರೆ ಏನನ್ನೂ ಅಳೆದವರಿರಲಿಲ್ಲ. ನಮ್ಮ ಹೋಬಳಿಯ ಹೈಸ್ಕೂಲಿನ ಹೆಡ್‌ಮಾಸ್ತರು, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಾನು ಪಾಸಾಗಿ ಬಂದರೆ ಗಣಿತದ ಮೇಷ್ಟರ ಜಾಗ ನನಗೇ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದರು. ಅಪ್ಪ ಆ ಮಾತನ್ನು ಊರಿನಲ್ಲಿ ಒಬ್ಬರಿಗೂ ಹೇಳುವುದಿಲ್ಲವೆಂದು ಎಲ್ಲರಿಗೂ ಹೇಳಿದ್ದರು. ಹಾಗಾಗಿ ನಾನು ಪಾಸಾಗುವುದು ನನ್ನ ಸ್ವಂತ ವಿಷಯವಾಗಿ ಉಳಿದಿರಲಿಲ್ಲ.

ಅಡ್ಡಿಯಿದ್ದದ್ದು ಡೈನಮಿಕ್ಸ್ ಪತ್ರಿಕೆಯಲ್ಲಿ, ಅದರಲ್ಲಿಯೂ ಬಂಧಿತ ಚಲನೆಯ ಲೆಕ್ಕಗಳಲ್ಲಿ. ಎಸೆದ ಕಲ್ಲಿನ ಲೆಕ್ಕ ಸುಲಭ. ಅದು ಗಾಳಿಯಲ್ಲಿ ಪರವಲಯದ ಬಾಗು ಹಿಡಿದು ಹೋಗಿ ಬೀಳುತ್ತದೆ, ಯಾರನ್ನೂ ಕೇಳುವುದಿಲ್ಲ. ಆದರೆ ಗೋಳದ ಮೇಲೆ ಜಾರುವ ಕಣ, ತಂತಿಯಲ್ಲಿ ಪೋಣಿಸಿದ ಮಣಿ, ದಾರಕ್ಕೆ ಕಟ್ಟಿದ ಕಲ್ಲು, ಇವೆಲ್ಲ ಯಾವುದೋ ಒಂದರ ಹಿಡಿತದಲ್ಲಿ ಚಲಿಸತಕ್ಕವು. ಹಿಡಿದಿರುವುದು ಯಾವುದು, ಎಷ್ಟು ಬಲದಿಂದ, ಯಾವ ಕಡೆಗೆ ಎಂದು ಕಂಡುಹಿಡಿಯಬೇಕು. ಆ ಹಿಡಿತಕ್ಕೆ ರಿಯಾಕ್ಷನ್ ಎಂದು ಹೆಸರು. ನಮ್ಮ ಪ್ರೊಫೆಸರು ಬೋರ್ಡಿನ ಮೇಲೆ ಚಿತ್ರ ಬರೆದು ಪ್ರತಿ ಸಲವೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇದನ್ನ ಯಾರು ಹಿಡ್ಕೊಂಡಿದಾರಯ್ಯಾ?" ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು; ಈ ಒಂದು ಪ್ರಶ್ನೆ ಮತ್ತು ನಮ್ಮ ಭಯ ಕನ್ನಡದಲ್ಲಿರುತ್ತಿದ್ದವು.

ಪ್ರಶ್ನೆಗೆ ಉತ್ತರ ಯೋಚಿಸುವುದಕ್ಕಿಂತ ಘನವಾದ ಮಾರ್ಗವೊಂದು ನಮ್ಮಲ್ಲಿ ಬಳಕೆಯಲ್ಲಿತ್ತು. ಹಿಂದೆ ಪಾಸಾದವರು ಬಿಡಿಸಿಟ್ಟ ಲೆಕ್ಕಗಳ ನೋಟ್‌ಬುಕ್ಕನ್ನು ನೋಡಿ ಬರೆದು ಇಳಿಸಿಕೊಳ್ಳುವುದು, ನಂಬರಿನ ಪ್ರಕಾರ ಬಾಯಿಪಾಠ ಮಾಡುವುದು. ಹುಡುಗರು ದಾರಿಯಲ್ಲಿ ಎದುರಾದರೆ "ಇಪ್ಪತ್ತೊಂದು ಆಯ್ತೇನೋ?" "ಇಪ್ಪತ್ತೆರಡರಲ್ಲಿ ಇದೀನಿ ಕಣೋ" ಎಂದು ಮಾತಾಡಿಕೊಳ್ಳುತ್ತಿದ್ದರು. ಆ ವರ್ಷ ದಸರಾ ಕಳೆದ ಮೇಲೆ, ಶ್ರೀರಾಂಪುರದ ಕಡೆ ಮನೆ ಮಾಡಿದ್ದ ಒಬ್ಬ ಹಿರಿಯ ವಿದ್ಯಾರ್ಥಿಯಿಂದ ಅಂಥ ನೋಟ್‌ಬುಕ್ಕನ್ನು ಎರಡು ವಾರಕ್ಕೆ ಪಡೆದವನು ನಾನು. ನನ್ನ ಅಕ್ಷರ ದುಂಡಗಿತ್ತು. ನಾನು ಇಳಿಸಿಕೊಂಡೆ, ನನ್ನಿಂದ ಹನ್ನೊಂದು ಜನ ಇಳಿಸಿಕೊಂಡರು. ಈ ಪುಣ್ಯಕಾರ್ಯದಲ್ಲಿ ನಾನು ನನ್ನದೇ ಒಂದು ಅಲಂಕಾರವನ್ನೂ ಸೇರಿಸಿದ್ದೆ. ದೊಡ್ಡ ಲೆಕ್ಕಗಳ ಕೊನೆಯಲ್ಲಿ "ಹೀಗೆ ಚಲನೆ ಸಂಪೂರ್ಣವಾಗಿ ನಿರ್ಧಾರವಾಯಿತು" ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ ಬರೆಯುತ್ತಿದ್ದೆ. ಅದನ್ನು ಬರೆದಾಗ ನನಗೆ ಊಟ ಮುಗಿಸಿ ಎಲೆ ಮಡಿಸಿದಷ್ಟು ತೃಪ್ತಿಯಾಗುತ್ತಿತ್ತು.

ಪರೀಕ್ಷೆಯಲ್ಲಿ ಇಪ್ಪತ್ತೆರಡೇ ಬಂತು. ನಿಂತ ಬಳೆಯ ಹಾಗಿರುವ ನುಣುಪಾದ ಒಂದು ತಂತಿಯ ಸುತ್ತು. ಅದರಲ್ಲಿ ಪೋಣಿಸಿದ ಮಣಿ. ನೆತ್ತಿಯಲ್ಲಿರುವ ಮಣಿಯನ್ನು ತುಸು ಅಲುಗಿಸಿದರೆ ಮುಂದಿನ ಚಲನೆಯನ್ನು ವಿವರಿಸಿ. ನಾನು ದೇವರನ್ನು ನೆನೆದು ಬರೆಯತೊಡಗಿದೆ. ಶಕ್ತಿಯ ಸಮೀಕರಣ ಬರೆದೆ. ರಿಯಾಕ್ಷನ್ ಕಂಡುಹಿಡಿದೆ. ಮಣಿಯು ತ್ರಿಜ್ಯದ ಮೂರನೆಯ ಒಂದು ಭಾಗದಷ್ಟು ಕೆಳಗಿಳಿದಾಗ ರಿಯಾಕ್ಷನ್ ಸೊನ್ನೆಯಾಗುತ್ತದೆಂದು ತೋರಿಸಿದೆ. ಆಮೇಲೆ, ನೋಟ್‌ಬುಕ್ಕಿನಲ್ಲಿದ್ದಂತೆ, ಮಣಿ ಅಲ್ಲಿಂದ ಬಿಟ್ಟುಹೋಗಿ ಪರವಲಯದಲ್ಲಿ ಸಾಗಿ ಎಷ್ಟು ದೂರದಲ್ಲಿ ನೆಲ ಮುಟ್ಟುತ್ತದೆಂದು ಲೆಕ್ಕ ಹಾಕಿದೆ. ಸಂತೋಷ ಹೆಚ್ಚಾಗಿ ಚಿತ್ರವನ್ನೂ ಬರೆದೆ. ನೆಲವನ್ನು ಸಣ್ಣ ಸಣ್ಣ ಗೆರೆ ಎಳೆದು ಶೇಡ್ ಮಾಡಿದೆ. ಕೊನೆಯಲ್ಲಿ ನನ್ನ ವಾಕ್ಯವನ್ನು ಬರೆದು ತಲೆಯೆತ್ತಿದರೆ ಆ ಒಂದಕ್ಕೇ ಒಂದು ಗಂಟೆಯ ಮೇಲೆ ಹತ್ತು ನಿಮಿಷವಾಗಿತ್ತು. ಐದು ಪ್ರಶ್ನೆ ಬರೆಯಬೇಕಾದ ಕಡೆ ಮೂರೂವರೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಆದರೂ ಇಪ್ಪತ್ತೆರಡು ಕೈಯಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ ಮನೆಗೆ ನಡೆದೆ.

ಮನೆಯಲ್ಲಿ ಅಕ್ಕ ಜಗಲಿಯ ಮೇಲೆ ಕೂತು ಕರಿಮಣಿ ಸರವನ್ನು ಹೊಸ ದಾರಕ್ಕೆ ಪೋಣಿಸುತ್ತಿದ್ದಳು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದಳು. ಒಂದು ಮಣಿ ದಾರದ ಮೇಲೆ ಜಾರಿ ಅವಳ ಬೆರಳಿನ ಬಾಗನ್ನು ದಾಟಿ ಕೆಳಕ್ಕೆ ಹೋಯಿತು. ಇನ್ನೊಂದು ಹೋಯಿತು. ಯಾವುದೂ ಎಲ್ಲಿಯೂ ಬಿಟ್ಟುಹೋಗಲಿಲ್ಲ. ನಾನು ಚಪ್ಪಲಿಯನ್ನೂ ಬಿಡದೆ ನಿಂತು ನೋಡಿದೆ.

"ಯಾಕ್ಲಾ ಅಂಗ್ ನೋಡ್ತೀಯ, ಗರ ಬಡಿದೋನಂಗೆ?" ಎಂದಳು ಅಕ್ಕ.

"ಅಕ್ಕ, ಆ ಮಣಿ ಜೋರಾಗಿ ಜಾರಿದ್ರೆ ದಾರ ಬುಟ್ಟು ಆಚೆಗೋಗಿ ಬೀಳಾಕಿಲ್ವಾ?"

ಅಕ್ಕ ದಾರವನ್ನು ಎತ್ತಿ ತೋರಿಸಿದಳು. "ದಾರ ಮಣಿಯೊಳಗೇ ಐತಲ್ಲಪ್ಪ, ಎಂಗ್ ಬಿದ್ದಾತು? ನಾಕ್ ವರ್ಸ ಓದ್ಬುಟ್ಟು ಬಂದು ಇದ್ನ ಕೇಳ್ತೀಯಲ್ಲ. ಒಳಕ್ಕೋಗು, ಮುದ್ದೆ ಆರೋಯ್ತದೆ."

ಮುದ್ದೆ ಆರಿತು. ಗೋಳದ ಮೇಲಿನ ಕಣ ಬಿಟ್ಟುಹೋಗಬಹುದು, ಏಕೆಂದರೆ ಗೋಳ ಅದನ್ನು ಕೆಳಗಿನಿಂದ ತಳ್ಳಬಲ್ಲದೇ ಹೊರತು ಹಿಡಿದೆಳೆಯಲಾರದು. ತಂತಿ ಮಣಿಯ ಹೊಟ್ಟೆಯೊಳಗೇ ಹಾದುಹೋಗಿದೆ. ಅದು ತಳ್ಳಲೂ ಬಲ್ಲದು, ಎಳೆಯಲೂ ಬಲ್ಲದು. ಸೊನ್ನೆಯಾದ ಮೇಲೆ ರಿಯಾಕ್ಷನ್ ದಿಕ್ಕು ಬದಲಿಸುತ್ತದೆ, ಅಷ್ಟೆ. ಮಣಿ ಸುಮ್ಮನೆ ಸುತ್ತಿಕೊಂಡು ಕೆಳಗೆ ಬರುತ್ತದೆ. ನನ್ನ ಮಣಿ ಮಾತ್ರ ತಂತಿಯನ್ನು ತೂರಿಕೊಂಡು ಹೊರಬಿದ್ದು, ನಾನು ಶೇಡ್ ಮಾಡಿದ ನೆಲದ ಮೇಲೆ ಬಿದ್ದಿತ್ತು.

ನಮ್ಮ ಕೇರಿಯಲ್ಲಿಯೇ ನನ್ನ ಸಹಪಾಠಿಯೊಬ್ಬನಿದ್ದ. ಯಾವುದಕ್ಕೂ ಎದೆಗುಂದದ ಮನುಷ್ಯ. ಆ ಕಾರಣದಿಂದಲೇ ಅವನ ಬುದ್ಧಿಯ ಮೇಲೆ ನನಗೆ ಸ್ವಲ್ಪ ಅನುಮಾನವಿತ್ತು. ಓಡಿಹೋಗಿ ಹೇಳಿದೆ.

"ನಾನೂ ಬೀಳ್ಸಿದೀನಿ ಕಣೋ," ಎಂದ. "ನೀನು ಕೊಟ್ಟ ದೂರದಲ್ಲೇ ಬೀಳ್ಸಿದೀನಿ. ಒಂದಿಂಚು ಆ ಕಡೆ ಈ ಕಡೆ ಇಲ್ಲ."

"ತಪ್ಪು ಕಣೋ ಅದು. ಮಣಿ ಬೀಳಲ್ಲ."

"ಹನ್ನೆರಡ್ ಜನ ಬೀಳ್ಸಿದ್ಮೇಲೆ ಬೀಳ್ದೆ ಏನ್ ಮಾಡ್ತದೆ ಬುಡು. ಒಬ್ಬ ಬರೆದ್ರೆ ತಪ್ಪು. ಹನ್ನೆರಡ್ ಜನ ಬರೆದ್ರೆ ಅದು ಇನ್ನೊಂದು ಮೆಥಡ್."

ಅವನು ನನ್ನನ್ನು ಸಮಾಧಾನಪಡಿಸಲು ಆಡಿದ ಈ ಮಾತಿನಿಂದಲೇ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಒಬ್ಬನ ಮಣಿ ಬಿದ್ದರೆ ದಡ್ಡತನ, ಇಪ್ಪತ್ತು ಅಂಕ ಹೋಗುತ್ತದೆ. ಹನ್ನೆರಡು ಜನರ ಮಣಿ ಒಂದೇ ಜಾಗದಲ್ಲಿ ಬಿದ್ದರೆ ಅದು ಪರೀಕ್ಷೆಯ ಹಾಲಿನಲ್ಲಿ ನಡೆದ ಕಾಪಿ. ಫಲಿತಾಂಶ ತಡೆಹಿಡಿಯುತ್ತಾರೆ, ಎರಡು ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಮೂರು ದಿನ ಬೀದಿ ಬೀದಿ ಅಲೆದು ಉಳಿದವರನ್ನು ವಿಚಾರಿಸಿದೆ. ಎಲ್ಲರೂ ಬೀಳಿಸಿದ್ದರು. ಎಲ್ಲರೂ ಕೊನೆಯಲ್ಲಿ ಚಲನೆಯನ್ನು ಸಂಪೂರ್ಣವಾಗಿ ನಿರ್ಧರಿಸಿಯೂ ಇದ್ದರು.

ಬೇಸಗೆಯಲ್ಲಿ ಊರಿಗೆ ಹೋಗಲು ಮುಖವಿಲ್ಲದೆ ಅಕ್ಕನ ಮನೆಯಲ್ಲಿಯೇ ಉಳಿದೆ. ಖಾಕಿ ಬಟ್ಟೆಯವರು ಯಾರು ಕಂಡರೂ ಬೀದಿ ಬದಲಿಸುತ್ತಿದ್ದೆ. ಅಂಚೆಯವನನ್ನು ಕಂಡು ಎರಡು ಸಲ ಹಿತ್ತಲಿಗೆ ಹೋಗಿ ನಿಂತಿದ್ದೇನೆ. ಮೂರನೆಯ ವಾರದಲ್ಲಿ ನಿಜವಾಗಿಯೂ ಕಾಲೇಜಿನ ಜವಾನನೇ ಬಂದ. ನಾಳೆ ಬೆಳಿಗ್ಗೆ ಎಂಟಕ್ಕೆ ಮನೆಗೆ ಬರತಕ್ಕದ್ದು ಎಂದು ಪ್ರೊಫೆಸರರ ಚೀಟಿ. ಕಾರಣ ಬರೆದಿರಲಿಲ್ಲ. ಅದು ಅವರ ಕರುಣೆಯೋ ಕ್ರೌರ್ಯವೋ ನನಗೆ ಇವತ್ತಿಗೂ ತಿಳಿಯದು.

ಏಳಕ್ಕೇ ಹೋಗಿ ಗೇಟಿನ ಹೊರಗೆ ನಿಂತಿದ್ದೆ. ಎಂಟಕ್ಕೆ ಒಳಗೆ ಕರೆದರು. ಪ್ರೊಫೆಸರು ಪಡಸಾಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಎಡಗೈಯಲ್ಲಿ ತಂತಿಯ ಒಂದು ಬಳೆಯನ್ನು ನೆಟ್ಟಗೆ ಹಿಡಿದಿದ್ದರು. ಅದರಲ್ಲಿ ಒಂದು ಗಾಜಿನ ಮಣಿ. ಬೆರಳಿನಿಂದ ಅದನ್ನು ನೆತ್ತಿಗೆ ತಂದು ಬಿಡುವುದು, ಅದು ಸರ್ರನೆ ಜಾರಿ ಕೆಳಗೆ ಬಂದು ತೂಗಾಡುವುದು, ಮತ್ತೆ ನೆತ್ತಿಗೆ ತರುವುದು.

"ಬಾರಯ್ಯಾ," ಎಂದರು, ತಲೆಯೆತ್ತದೆ. "ಕಾಫಿ ಕುಡಿದಾಗಿನಿಂದ ನೋಡ್ತಾ ಇದೀನಿ. ಒಂದು ಸಲಾನೂ ಬಿಟ್ಟುಹೋಗ್ತಾ ಇಲ್ಲ. ನಿಮ್ಮ ಉತ್ತರ ಪತ್ರಿಕೇನ ಈ ಮಣಿ ಓದಿದ ಹಾಗೆ ಕಾಣಲ್ಲ."

ನಾನು ಗೋಡೆಗೆ ಒತ್ತಿಕೊಂಡು ನಿಂತೆ.

ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ. ಆದರೆ ಚಲನೆಯನ್ನು ಸಂಪೂರ್ಣವಾಗಿ ನಿರ್ಧರಿಸುವ ವಾಕ್ಯ ವರ್ಷವಿಡೀ ನನ್ನ ಹೋಂವರ್ಕಿನಲ್ಲಿ ಅವರ ಕಣ್ಣಿಗೆ ಬಿದ್ದಿತ್ತು. ಅವರು ಕಿಸೆಯಿಂದ ಒಂದು ಕಾಗದ ತೆಗೆದರು. ಪತ್ರಿಕೆಗಳನ್ನು ಅವರ ಜೊತೆಯಲ್ಲಿ ನೋಡಿದ ಪರವೂರಿನ ಪರೀಕ್ಷಕರು ಬರೆದದ್ದು.

"ಹನ್ನೆರಡು ಪೇಪರು ಒಂದೇ ಥರ ಇದೆ ಅಂತ ಕೇಳಿದಾರೆ. ಒಂದೋ ಹುಡುಗರು ಹಾಲಿನಲ್ಲಿ ಕಾಪಿ ಹೊಡೆದಿದಾರೆ, ಇಲ್ಲವೇ ಇವರಿಗೆ ಯಾರೂ ಪಾಠ ಮಾಡಿಲ್ಲ, ಯಾವುದು ಅಂತ ತಿಳಿಸಿ, ಅಂದಿದಾರೆ. ಸೋಮವಾರ ಉತ್ತರ ಬರೀಬೇಕು. ಮೊದಲನೇದು ಬರೆದ್ರೆ ನೀವು ಹನ್ನೆರಡು ಜನ ಹೋದಿರಿ. ಎರಡನೇದು ಬರೆದ್ರೆ ನಾನು ಹೋದೆ. ನೀನೇನು ಹೇಳ್ತೀಯಪ್ಪಾ?"

"ಹಾಲಿನಲ್ಲಿ ಕಾಪಿ ಹೊಡೆದಿಲ್ಲ ಸಾರ್. ಅದಕ್ಕೂ ಮುಂಚೇನೇ ಹೊಡೆದದ್ದು ಸಾರ್," ಎಂದೆ. ನನ್ನ ಬಾಯಿಂದ ಬಂದ ಮೊದಲ ಸತ್ಯ ಅದೇ. ನೋಟ್‌ಬುಕ್ಕಿನ ಕಥೆಯನ್ನು ಪೂರ್ತಿ ಹೇಳಿದೆ.

"ಮೂಲ ಪುಸ್ತಕ ತೊಗೊಂಡು ಬಾ," ಎಂದರು.

ಶ್ರೀರಾಂಪುರದವರೆಗೆ ನಡೆದೆ ಎನ್ನುವುದಕ್ಕಿಂತ ಓಡಿದೆ ಎನ್ನಬೇಕು. ಆಗ ಆ ಕಡೆ ಮನೆಗಳು ವಿರಳ. ನಮ್ಮ ಹಿರಿಯ ಮನೆಯಲ್ಲಿಯೇ ಇದ್ದ. ನೋಟ್‌ಬುಕ್ಕು ಮಾತ್ರ ದೇವರ ಗೂಡಿನಲ್ಲಿತ್ತು. ಅದರ ದಯೆಯಿಂದ ತನಗೆ ಸೆಕೆಂಡ್ ಕ್ಲಾಸು ಬಂತೆಂದು ಪಾಸಾದ ಮೇಲೂ ಪ್ರತಿ ಸರಸ್ವತಿ ಪೂಜೆಗೆ ಅದನ್ನಿಟ್ಟು, ಗಂಧ ಕುಂಕುಮ ಹಚ್ಚಿ, ಹೂ ಏರಿಸುತ್ತಿದ್ದನಂತೆ.

"ತಗೊಂಡೋಗು. ದಾರೀಲಿ ಎಲ್ಲೂ ಕೆಳಗಿಡಬೇಡ ಮಾರಾಯ, ಮಡಿ," ಎಂದ.

"ಪುಸ್ತಕ ಓದ್ತೀಯೋ ಪೂಜೆ ಮಾಡ್ತೀಯೋ ಅಣ್ಣಾ?" ಎಂದು ನಾನು ಕೇಳಿದ್ದಕ್ಕೆ, "ಓದೋದು ಮುಗೀತಲ್ಲಪ್ಪ, ಈಗ ಪೂಜೆ," ಎಂದ.

ಪ್ರೊಫೆಸರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಇಪ್ಪತ್ತೆರಡನ್ನು ತೆಗೆದರು. ರಿಯಾಕ್ಷನ್ ಸೊನ್ನೆಯಾಗುವಲ್ಲಿಗೆ ಪುಟ ಮುಗಿದಿತ್ತು. ಹಾಳೆ ತಿರುಗಿಸಿದರೆ ಮೊದಲ ಸಾಲೇ ಬಿಟ್ಟುಹೋಗುವುದು, ಪರವಲಯ. ಎರಡು ಪುಟದ ಸಾಲುಗಳು ಕೂಡಿಕೊಂಡಲ್ಲಿ ವ್ಯಾಕರಣದ ಒಂದು ಕೂದಲೂ ಕೊಂಕಿರಲಿಲ್ಲ. ಅವರು ಆ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿ ನೋಡಿದರು. ಬೆಳಕಿಗೆ ಹಿಡಿದರು. "ಇದು ಒಂದು ಹಾಳೆ ಅಲ್ಲ," ಎಂದರು.

ಆ ಮೇಲೆ ನಡೆದದ್ದು ನನ್ನ ವಿದ್ಯಾಭ್ಯಾಸದಲ್ಲಿಯೇ ಅತ್ಯಂತ ಗಂಭೀರವಾದ ಪ್ರಯೋಗ. ಪ್ರೊಫೆಸರರ ಮನೆಯವರು ಒಲೆಯ ಮೇಲಿದ್ದ ಇಡ್ಲಿ ಪಾತ್ರೆಯ ಮುಚ್ಚಳವನ್ನು ಓರೆ ಮಾಡಿ ಹಿಡಿದರು. ಪ್ರೊಫೆಸರು ಪಂಚೆ ಎತ್ತಿ ಕಟ್ಟಿ ಹಾಳೆಯನ್ನು ಹಬೆಗೆ ಹಿಡಿದರು. ನಾನು ಅಡುಗೆಮನೆಯ ಹೊಸಿಲಿನಾಚೆ ಕೈಮುಗಿದು ನಿಂತಿದ್ದೆ. ಎರಡು ನಿಮಿಷದ ಮೇಲೆ ಕುಂಕುಮ ಕರಗಿ, ಗಂಧ ಮೆತ್ತಗಾಗಿ, ಒಂದು ಹಾಳೆ ಎರಡಾಯಿತು. ಒಳಗಿನ ಎರಡು ಪುಟ ಕೆಂಪಗೆ ಹೊರಬಂದವು. ಮಣಿ ತಂತಿಯನ್ನು ಬಿಡುವುದಿಲ್ಲ, ರಿಯಾಕ್ಷನ್ ದಿಕ್ಕು ಬದಲಿಸುತ್ತದೆ, ತಳದಲ್ಲಿ ಅದು ಮಣಿಯ ತೂಕದ ಐದು ಪಟ್ಟಾಗುತ್ತದೆ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಅದರ ಕೆಳಗೆ ಇಪ್ಪತ್ತಮೂರನೆಯ ಲೆಕ್ಕ, ಗೋಳದ ಮೇಲಿನ ಕಣ, ಶುರುವಾಗಿತ್ತು. ನಾನು ಮಣಿಗೆ ಕೊಟ್ಟ ಪರವಲಯ ಆ ಕಣದ್ದು.

"ಇಪ್ಪತ್ತಮೂರು ಇಲ್ವಲ್ಲ ಅಂತ ನಿನಗೆ ಅನ್ನಿಸ್ಲಿಲ್ವೇ?"

"ಅನ್ನಿಸ್ತು ಸಾರ್. ಹಳಬರು ಎಣಿಕೆ ತಪ್ಪಿದಾರೆ ಅಂತ ಇಪ್ಪತ್ನಾಲ್ಕನ್ನ ನಾನೇ ಇಪ್ಪತ್ತಮೂರು ಮಾಡ್ದೆ."

ಒಳಗಿನಿಂದ ಅವರ ಮನೆಯವರು ನಕ್ಕದ್ದು ಕೇಳಿಸಿತು. ಪ್ರೊಫೆಸರು ನಗಲಿಲ್ಲ. ಪಡಸಾಲೆಗೆ ಬಂದು ಗೋಡೆಗೊರಗಿಸಿದ್ದ ಕರಿಹಲಗೆಯನ್ನು ಒರೆಸಿದರು.

"ಕಾಪಿ ಹೊಡೆದದ್ದು ಹಾಲಿನಲ್ಲಲ್ಲ ಅಂತಾಯ್ತು. ಆದ್ರೆ ಹನ್ನೆರಡು ಜನಕ್ಕೆ ಡೈನಮಿಕ್ಸ್ ಬರತ್ತೆ ಅಂತ ನಾನು ರುಜು ಹಾಕಿ ಬರೀಬೇಕಲ್ಲ. ಅವರಿಗೆ ನೋಟ್ಸು ಕೊಟ್ಟವನು ನೀನು, ನಿನಗೂ ಬರಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಬರೀಲಿ? ಸುಣ್ಣದ ಕಡ್ಡಿ ತೊಗೋ. ಒಂದು ಕಲ್ಲು. ದಾರಕ್ಕೆ ಕಟ್ಟಿದೆ. ದಾರದ ಮೇಲ್ತುದಿ ಮೊಳೆಗೆ. ಕಲ್ಲು ಸುಮ್ನೆ ತೂಗ್ತಾ ಇದೆ. ಅದನ್ನ ಅಡ್ಡಕ್ಕೆ ಹೊಡೀತೀವಿ, ವೇಗದ ವರ್ಗ ಮೂರೂವರೆ ಜಿ ಎ. ಎ ಅಂದ್ರೆ ದಾರದ ಉದ್ದ, ಜಿ ಭೂಮಿಯ ಸೆಳೆತದ್ದು. ಮುಂದೇನಾಗತ್ತೆ?"

ಮತ್ತೆ ಅದೇ ಮುಂದೇನಾಗತ್ತೆ. ಚಿತ್ರ ಬರೆದೆ. ಶಕ್ತಿಯ ಸಮೀಕರಣ ಬರೆದೆ. ದಾರದ ಬಿಗಿತಕ್ಕೆ ಇನ್ನೊಂದು ಬರೆದೆ. ಕಲ್ಲು ಮೊಳೆಯ ಮಟ್ಟವನ್ನು ದಾಟಿ ಅರ್ಧ ದಾರದಷ್ಟು ಮೇಲೇರಿದಾಗ ಬಿಗಿತ ಸೊನ್ನೆ ಎಂದು ಬಂತು. ಅಲ್ಲಿಗೆ ಕೈ ನಿಂತುಹೋಯಿತು.

ಮುಂದೆ ಬರೆಯಬೇಕಾದದ್ದು ಪರವಲಯ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅದೇ ಮನಸ್ಸು ತಿಂಗಳ ಹಿಂದೆ ಮಣಿಯನ್ನು ಬೀಳಿಸಿತ್ತು. ಬಿಟ್ಟುಹೋಗುತ್ತದೆಂದರೆ ಮತ್ತೆ ಅದೇ ತಪ್ಪಾಗಬಹುದು. ಬಿಡುವುದಿಲ್ಲವೆಂದರೆ ಹೊಸ ತಪ್ಪಾಗಬಹುದು. ಹನ್ನೊಂದು ಜನರ ಮುಖ ಒಂದೊಂದಾಗಿ ಕಣ್ಣ ಮುಂದೆ ಬಂತು, ಕೊನೆಯಲ್ಲಿ ಅಪ್ಪನದೂ. ಪ್ರೊಫೆಸರು ಎರಡನೆಯ ಕಾಫಿ ತರಿಸಿಕೊಂಡರು. ನನ್ನ ಕಡೆ ನೋಡಲಿಲ್ಲ.

ಯಾರು ಹಿಡಿದಿದ್ದಾರೆ? ದಾರ. ದಾರ ಏನು ಮಾಡಬಲ್ಲದು? ಎಳೆಯಬಲ್ಲದು. ತಳ್ಳಬಲ್ಲದೇ? ಬಾವಿಯ ಹಗ್ಗದಿಂದ ಕೊಡವನ್ನು ಎಳೆದವರನ್ನು ದಿನವೂ ಕಂಡಿದ್ದೇನೆ; ಹಗ್ಗದಿಂದ ಕೊಡವನ್ನು ನೂಕಿದವರನ್ನು ಕಂಡಿಲ್ಲ. ಗೋಳ ತಳ್ಳುತ್ತದೆ, ಎಳೆಯಲಾರದು. ದಾರ ಎಳೆಯುತ್ತದೆ, ತಳ್ಳಲಾರದು. ತಂತಿಯೊಂದೇ ಎರಡನ್ನೂ ಮಾಡುವುದು. ಬಿಗಿತ ಸೊನ್ನೆಯಾದ ಮೇಲೆ ಈ ಕಲ್ಲನ್ನು ಹಿಡಿದವರು ಯಾರೂ ಇಲ್ಲ.

"ದಾರ ಸಡಿಲವಾಗತ್ತೆ ಸಾರ್. ಕಲ್ಲು ಪರವಲಯದಲ್ಲಿ ಹೋಗತ್ತೆ," ಎಂದೆ.

"ಹೋಗಲಿ. ಎಲ್ಲಿಗೆ?"

ಲೆಕ್ಕ ಹಾಕಿದೆ. ಕಲ್ಲು ಹೊರಟ ಜಾಗಕ್ಕೇ, ಮೊಳೆಯ ನೇರ ಕೆಳಗೆ ದಾರದುದ್ದದ ಆಳಕ್ಕೇ, ಬಂದು ಸೇರುತ್ತದೆಂದು ಬಂತು. ಇಷ್ಟು ಚೆನ್ನಾಗಿ ಬಂದದ್ದೇ ಅನುಮಾನಕ್ಕೆ ಕಾರಣವಾಗಿ ಇನ್ನೂ ಎರಡು ಸಲ ಒರೆಸಿ ಹಾಕಿದೆ. ಅದೇ ಬಂತು.

"ಹೊರಟ ಜಾಗಕ್ಕೇ ಬರತ್ತೆ ಸಾರ್."

"ಖಂಡಿತವೋ?"

"ಖಂಡಿತ ಸಾರ್."

"ಹೀಗೆ ಚಲನೆ ಸಂಪೂರ್ಣವಾಗಿ ನಿರ್ಧಾರವಾಯ್ತು ಅಂತ ಬರೆಯಲ್ವೇನಯ್ಯಾ?"

"ಇಲ್ಲ ಸಾರ್."

"ಒಳ್ಳೇದು," ಎಂದು ಮೇಜಿನ ಹತ್ತಿರ ಹೋಗಿ, ನಾನು ನಿಂತಿರುವಂತೆಯೇ ಉತ್ತರ ಬರೆದರು. ವಿದ್ಯಾರ್ಥಿಗಳು ಹಾಲಿನಲ್ಲಿ ತಪ್ಪು ಮಾಡಿಲ್ಲವೆಂದೂ, ಸರಸ್ವತಿ ಪೂಜೆಯ ದಿನ ಎರಡು ಹಾಳೆ ಅಂಟಿಕೊಂಡದ್ದೇ ಕಾರಣವೆಂದೂ, ಹಾಳೆಗಳು ತಮ್ಮ ವಶದಲ್ಲಿವೆಯೆಂದೂ ಬರೆದು ಓದಿ ಹೇಳಿದರು. ಅಂಕದ ವಿಷಯಕ್ಕೆ ಅವರ ಸಲಹೆ, ಮಣಿ ತಂತಿಯ ಮೇಲಿದ್ದಷ್ಟು ಹೊತ್ತಿಗೆ ಅಂಕ ಕೊಡುವುದು, ಬಿಟ್ಟ ಮೇಲಿನದಕ್ಕೆ ಸೊನ್ನೆ. ಹಾಗೆಂದರೆ ಇಪ್ಪತ್ತಕ್ಕೆ ಹತ್ತು.

"ಹೊಟ್ಟೆಗೇನಾದ್ರೂ ಹಾಕ್ಕೊಂಡು ಹೋಗು," ಎಂದರು. ಆ ಪುಸ್ತಕದ ಹಬೆ ತಾಗಿದ ಇಡ್ಲಿಯನ್ನು ಎರಡು ತಿಂದೆ. ಮೂರನೆಯದನ್ನು ಎಲೆಯಲ್ಲಿಯೇ ಬಿಟ್ಟೆ, ಏಕೆಂದರೆ ಅಷ್ಟರಲ್ಲಿ ನನ್ನ ಮೂರೂವರೆ ಪ್ರಶ್ನೆಗಳನ್ನು ಮನಸ್ಸಿನಲ್ಲಿಯೇ ಕೂಡತೊಡಗಿದ್ದೆ.

ಮಧ್ಯಾಹ್ನ ಗೆಳೆಯನಿಗೆ ವಿಷಯ ಮುಟ್ಟಿಸಿದೆ. "ನಾನೇಳ್ಳಿಲ್ವಾ, ಏನೂ ಆಗಾಕಿಲ್ಲ ಅಂತ," ಎಂದು ಬೀಡಿ ಹಚ್ಚಿದ. ಅವನು ಐದು ಪ್ರಶ್ನೆಯನ್ನೂ ಬರೆದಿದ್ದ. ಚಿತ್ರ ಬರೆದಿರಲಿಲ್ಲ, ನೆಲವನ್ನು ಶೇಡ್ ಮಾಡುವ ಆಲೋಚನೆಯೇ ಅವನಿಗೆ ಬಂದಿರಲಿಲ್ಲ.

ಜೂನ್ ಮೊದಲ ವಾರ ಕಾಲೇಜಿನ ಗೋಡೆಗೆ ಫಲಿತಾಂಶದ ಪಟ್ಟಿ ಹಚ್ಚಿದರು. ಯಾರ ಫಲಿತಾಂಶವನ್ನೂ ತಡೆಹಿಡಿದಿರಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಜನ ಪಾಸಾಗಿದ್ದರು. ಡೈನಮಿಕ್ಸಿನಲ್ಲಿ ನನಗೆ ನಾಲ್ಕು ಅಂಕ ಕಡಿಮೆ ಬಿದ್ದಿತ್ತು. ಹೈಸ್ಕೂಲಿನ ಜಾಗವನ್ನು ಬೇರೆಯವರಿಗೆ ಕೊಟ್ಟರು. ನಾನು ಸೆಪ್ಟೆಂಬರಿನಲ್ಲಿ ಪಾಸಾದೆ.